ಮೊದಲು ಕಡಲಿನ ಹೊತ್ತು, ಆಮೇಲೆ ಊರುಗಳ ಪಟ್ಟಿ

ಶಿರಸಿ ಪೇಟೆ ಮತ್ತು ಸುತ್ತಲ ಹಳ್ಳಿಗಳ ಶಾಲಾ ಶಿಕ್ಷಕರಿಗೆ, ಎಸ್‌ಡಿಎಂಸಿ ಸದಸ್ಯರಿಗೆ, ಸ್ವಸಹಾಯ ಸಂಘಗಳ ಅಕ್ಕಂದಿರಿಗೆ, ಯುವಕ ಮಂಡಳಗಳ ಮಿತ್ರರಿಗೆ,



ಮಳೆಗಾಲ ಹಿಂದೆ ಸರಿದು ದೀಪಾವಳಿ ಕಳೆಯಿತೆಂದರೆ ನಮ್ಮ ಶಾಲೆಗಳಲ್ಲಿ, ಸಂಘಗಳ ವಾರದ ಸಭೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಘಟ್ಟದ ಮೇಲಿನ ನಮಗೆ ಒಂದು ದಿನದ ಪ್ರವಾಸವೆಂದರೆ ಹೆಚ್ಚಾಗಿ ಕಡಲೇ. ಬೆಳಗಿಗೆ ಹೊರಟು ರಾತ್ರಿ ಮನೆ ಸೇರುವಷ್ಟು ಹತ್ತಿರ, ಉಳಿದುಕೊಳ್ಳುವ ಖರ್ಚಿಲ್ಲ. ಸಭೆಯಲ್ಲಿ ಒಬ್ಬರು ಗೋಕರ್ಣ ಎನ್ನುತ್ತಾರೆ, ಇನ್ನೊಬ್ಬರು ಮುರ್ಡೇಶ್ವರ ಎನ್ನುತ್ತಾರೆ, ಮತ್ತೊಬ್ಬರು ಹೇಗೂ ದಾರಿಯಲ್ಲೇ ಸಿಗುತ್ತದಲ್ಲ ಎಂದು ಮಿರ್ಜಾನ ಕೋಟೆ, ಇಡಗುಂಜಿ, ಅಪ್ಸರಕೊಂಡಗಳನ್ನು ಸೇರಿಸುತ್ತಾರೆ. ಯಾರ ಮಾತನ್ನೂ ತೆಗೆದುಹಾಕಲು ಮನಸ್ಸು ಬರುವುದಿಲ್ಲ. ಪಟ್ಟಿ ಬೆಳೆಯುತ್ತದೆ, ಅದನ್ನು ಬಸ್ಸಿನವರ ಕೈಗೆ ಕೊಟ್ಟು ದರ ಕೇಳಿದರೆ ಯೋಜನೆ ಮುಗಿದಂತೆ. ಈ ಕ್ರಮವನ್ನೇ ಬದಲಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಒಂದು ದಿನಕ್ಕೆ ಒಂದೇ ತೀರ ಸಾಕು. ಆ ತೀರದಲ್ಲಿ ನೀರಿನ ಬಳಿ ಇರುವ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು, ಊಟ, ವಿಶ್ರಾಂತಿ, ಘಾಟಿ ಇಳಿಯುವ ಮತ್ತು ಏರುವ ಸಮಯ ಎಲ್ಲವನ್ನೂ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಕಡಲು ನಮ್ಮ ಪಟ್ಟಿಯಲ್ಲಿ ಉಳಿದ ಹೊತ್ತಿಗೆ ನೋಡಿಕೊಳ್ಳುವ ಕೊನೆಯ ಸ್ಥಳವಾಗಿರುವತನಕ ಪ್ರವಾಸ ಚೆನ್ನಾಗಿಯೂ ಆಗುವುದಿಲ್ಲ, ಸುರಕ್ಷಿತವಾಗಿಯೂ ಆಗುವುದಿಲ್ಲ ಎಂಬುದು ನನ್ನ ವಾದ.

ಮೊದಲು ದೂರದ ಲೆಕ್ಕ ನೋಡೋಣ. ಶಿರಸಿಯಿಂದ ದೇವಿಮನೆ ಘಾಟಿ ಇಳಿದು ಕುಮಟಾ ಸೇರಲು ಸುಮಾರು 60 ಕಿಲೋಮೀಟರ್, ಗೋಕರ್ಣಕ್ಕೆ 80ರ ಮೇಲೆ. ಗೋಕರ್ಣದಿಂದ ಮುರ್ಡೇಶ್ವರಕ್ಕೆ ಮತ್ತೆ 75ರ ಆಸುಪಾಸು. ಅಲ್ಲಿಂದ ಹೊನ್ನಾವರ, ಕುಮಟಾ ಮೇಲಿಂದ ಊರಿಗೆ ಮರಳಲು 100ಕ್ಕೂ ಹೆಚ್ಚು. ಒಟ್ಟು 260-270 ಕಿಲೋಮೀಟರ್ ಆಯಿತು. ಘಾಟಿಯ ತಿರುವುಗಳು, ಹೆದ್ದಾರಿಯ ಊರುಗಳು, ಮಕ್ಕಳು ವಾಂತಿ ಮಾಡಿಕೊಂಡಾಗ ಬಸ್ಸು ನಿಲ್ಲಿಸುವುದು ಎಲ್ಲ ಸೇರಿ ತಾಸಿಗೆ 35-40 ಕಿಲೋಮೀಟರ್ ಸಾಗಿದರೆ ಅದೇ ಹೆಚ್ಚು. ಅಂದರೆ ಏಳು ತಾಸು ಬಸ್ಸಿನೊಳಗೇ ಕಳೆಯುತ್ತದೆ. ಬೆಳಿಗ್ಗೆ ಐದಕ್ಕೆ ಹೊರಟು ರಾತ್ರಿ ಹತ್ತಕ್ಕೆ ಮರಳಿದರೂ ದಿನ 17 ತಾಸಿನದು. ತಿಂಡಿ, ಊಟ, ಚಹಾಕ್ಕೆ ಎರಡು ತಾಸು. 50 ಜನ ಇಳಿದು, ಶೌಚಾಲಯದ ಸಾಲಿನಲ್ಲಿ ನಿಂತು, ಚಪ್ಪಲಿ ಹುಡುಕಿ, ತಲೆ ಎಣಿಸಿಕೊಂಡು ಮತ್ತೆ ಹೊರಡಲು ಪ್ರತಿ ಸ್ಥಳದಲ್ಲೂ ಅರ್ಧ ತಾಸು ಹಿಡಿದರೆ ಐದು ಸ್ಥಳಗಳಿಗೆ ಎರಡೂವರೆ. ದೇವಸ್ಥಾನಗಳ ಸರದಿಗೆ ಎರಡು. ಕೊನೆಗೆ ಉಳಿಯುವುದು ಮೂರೂವರೆ ತಾಸು, ಅದೂ ಐದು ಚೂರಾಗಿ. ಯಾವ ಕಡೆಯೂ ಒಂದು ತಾಸು ನೆಮ್ಮದಿಯಾಗಿ ನಿಲ್ಲಲಾಗದ ದಿನಕ್ಕಾಗಿ ನಾವು ತಿಂಗಳುಗಟ್ಟಲೆ ಹಣ ಕೂಡಿಸುತ್ತೇವೆ. ದಾರಿಯಲ್ಲಿ ಒಂದು ಟೈರು ಪಂಕ್ಚರಾದರೆ, ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಆ ಮೂರೂವರೆಯಲ್ಲೂ ಒಂದು ಹೋಯಿತು. ಹಾಗೆ ಹೊತ್ತು ಕಡಿಮೆಬಿದ್ದಾಗ ಕೋಟೆಯನ್ನೋ ಕೊಂಡವನ್ನೋ ಬಿಟ್ಟುಬಿಡಲು ಯಾರೂ ಒಪ್ಪುವುದಿಲ್ಲ. ಎಲ್ಲವನ್ನೂ ಓಡುತ್ತಾ ನೋಡುವುದೇ ನಮ್ಮ ಪದ್ಧತಿ.

ಓಡಾಟದ ಆಯಾಸವಷ್ಟೇ ಆಗಿದ್ದರೆ ಪತ್ರ ಬರೆಯುವ ಅಗತ್ಯವಿರಲಿಲ್ಲ. ಈ ಲೆಕ್ಕಕ್ಕೆ ಇನ್ನೊಂದು ಫಲವಿದೆ. ಪ್ರತಿ ನಿಲುಗಡೆಯಲ್ಲಿ ಆದ ತಡವೆಲ್ಲ ಒಟ್ಟಾಗಿ ಕೊನೆಯ ಸ್ಥಳದ ಮೇಲೆ ಬೀಳುತ್ತದೆ, ನಮ್ಮ ಪಟ್ಟಿಗಳಲ್ಲಿ ಕೊನೆಯ ಸ್ಥಳ ಯಾವಾಗಲೂ ಕಡಲು. ದಿನವಿಡೀ ಕಡಲನ್ನು ಬಸ್ಸಿನ ಕಿಟಕಿಯಿಂದಷ್ಟೇ ಕಂಡ ಮಕ್ಕಳು ಸಂಜೆ ಐದರ ಮೇಲೆ ಮರಳಿಗೆ ಇಳಿಯುತ್ತಾರೆ. ಡಿಸೆಂಬರಿನಲ್ಲಿ ನಮ್ಮ ಕರಾವಳಿಯಲ್ಲಿ ಸೂರ್ಯ ಆರರ ಸುಮಾರಿಗೆ ಮುಳುಗುತ್ತಾನೆ, ಅರ್ಧ ತಾಸಿನೊಳಗೆ ಕತ್ತಲು. ನಸುಕಿಗೇ ಎದ್ದ ಶಿಕ್ಷಕರು ದಣಿದಿರುತ್ತಾರೆ. ಬೆಳಕು ಇಳಿಯುತ್ತಿರುತ್ತದೆ, ಜನಸಂದಣಿ ದಿನದಲ್ಲೇ ಅತಿ ಹೆಚ್ಚು, ಎದುರಿನ ಬಿಸಿಲಿನ ಝಳದಲ್ಲಿ ನೀರಿನಲ್ಲಿರುವ ತಲೆಗಳು ಬರೀ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. 2024ರ ಡಿಸೆಂಬರ್ 10ರ ಸಂಜೆ ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಆ ದುರಂತದ ಹೊಣೆಯನ್ನು ಇಲ್ಲಿ ಕುಳಿತು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ 500 ಕಿಲೋಮೀಟರಿಗೂ ದೂರದಿಂದ ಬಂದ ಮಕ್ಕಳು ಸಂಜೆಯ ಹೊತ್ತಿಗೆ ಕಡಲಿಗೆ ಇಳಿದಿದ್ದರು ಎಂಬ ಸಂಗತಿ, ಪ್ರವಾಸ ಏರ್ಪಡಿಸುವ ಯಾರಿಗೂ ಮರೆಯುವಂಥದ್ದಾಗಬಾರದು. ಅಷ್ಟು ದೂರದವರಿಗೆ ಹೊತ್ತು ಹೊಂದಿಸುವುದು ಕಷ್ಟವಿತ್ತು. ಎರಡು ತಾಸಿನ ದಾರಿಯ ನಮಗೆ ಅಂಥ ಕಷ್ಟವೇನೂ ಇಲ್ಲ. ಆದರೂ ನಾವು ಸಂಜೆಯನ್ನೇ ಆರಿಸಿಕೊಳ್ಳುತ್ತೇವೆ.

ನಮ್ಮ ಮಕ್ಕಳಿಗೆ ನೀರು ಹೊಸದಲ್ಲ. ಹೊಳೆಯ ಗುಂಡಿಯಲ್ಲಿ, ಕೆರೆಯಲ್ಲಿ ಈಜು ಕಲಿತವರು ಪ್ರತಿ ತರಗತಿಯಲ್ಲೂ ಇದ್ದಾರೆ. ಕಡಲಿನ ಬಳಿ ಮುಂದೆ ಹೋಗುವವರೂ ಅವರೇ. ಆದರೆ ಕಡಲಿನ ಅಪಾಯ ಆಳದಲ್ಲಿಲ್ಲ, ಎಳೆತದಲ್ಲಿದೆ. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಎಲ್ಲೋ ಒಂದು ಕಡೆಯಿಂದ ಹಿಂದಕ್ಕೆ ಹೋಗಲೇಬೇಕು. ಮರಳದಿಬ್ಬಗಳ ನಡುವಿನ ತಗ್ಗಿನಲ್ಲಿ ಅದು ಕಾಲುವೆಯಾಗಿ ರಭಸದಿಂದ ಹೊರಕ್ಕೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ಆದ್ದರಿಂದ ನೋಡುವವರಿಗೆ ಅದೇ ಶಾಂತವಾದ ಜಾಗವೆಂದು ತೋರುತ್ತದೆ. ಅಲೆಗೆ ಹೆದರುವ ಮಕ್ಕಳು, ಹೆಂಗಸರು ಅಲ್ಲಿಗೇ ಹೋಗಿ ನಿಲ್ಲುತ್ತಾರೆ. ಸೊಂಟದವರೆಗಿನ ನೀರಿನಲ್ಲಿ ಕಾಲು ತಪ್ಪಿದರೆ ಎಳೆತ ಹೊರಕ್ಕೆ ಒಯ್ಯುತ್ತದೆ. ಎದುರಾಗಿ ಈಜಿದವರು ಸುಸ್ತಾಗುತ್ತಾರೆ. ದಡಕ್ಕೆ ಸಮನಾಗಿ ಅಡ್ಡಕ್ಕೆ ಸಾಗಿದರೆ, ಇಲ್ಲವೇ ಮೈ ಸಡಿಲ ಬಿಟ್ಟು ತೇಲಿದರೆ ಬದುಕುವ ಸಾಧ್ಯತೆ ಹೆಚ್ಚು. ನೀರು ಇಳಿಯುವ ಹೊತ್ತಿನಲ್ಲಿ ಈ ಎಳೆತ ಸಾಮಾನ್ಯವಾಗಿ ಹೆಚ್ಚು. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಂತೂ ಇಳಿತದ ಸೆಳೆತಕ್ಕೆ ಹೊಳೆಯ ಹರಿವೂ ಕೂಡಿಕೊಳ್ಳುತ್ತದೆ, ಅಲ್ಲಿ ಯಾವ ಹೊತ್ತಿಗೂ ನೀರಿಗೆ ಇಳಿಯಬಾರದು. ಕೆರೆಯಲ್ಲಿ ಈಜಿದ ಅನುಭವ ಇದ್ಯಾವುದನ್ನೂ ಕಲಿಸುವುದಿಲ್ಲ. ಸೀರೆ, ಚೂಡಿದಾರಗಳು ನೆನೆದರೆ ಎಷ್ಟು ಭಾರವಾಗಿ ಕಾಲಿಗೆ ಸುತ್ತುತ್ತವೆ ಎಂಬುದನ್ನು ಹೊಳೆಯಲ್ಲಿ ಬಟ್ಟೆ ಒಗೆದ ಅಕ್ಕಂದಿರಿಗೆ ಹೇಳಬೇಕಾಗಿಲ್ಲ.

ಇನ್ನು ಕಡಲಿನ ಹೊತ್ತನ್ನು ಗೊತ್ತುಮಾಡುವುದು ಹೇಗೆ? ಇದಕ್ಕೆ ದೊಡ್ಡ ವಿದ್ಯೆ ಬೇಡ, ಮನೆಮನೆಯಲ್ಲಿ ತೂಗುವ ಪಂಚಾಂಗದ ಕ್ಯಾಲೆಂಡರು ಸಾಕು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಹಗಲಿನ ಉಬ್ಬರ ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಇಳಿತ ಸಂಜೆಯ ಹೊತ್ತಿಗೆ. ಏರಿಳಿತದ ಅಂತರವೂ ಆ ದಿನಗಳಲ್ಲೇ ಹೆಚ್ಚು, ಸುಮಾರು ಒಂದೂವರೆಯಿಂದ ಎರಡು ಮೀಟರಿನವರೆಗೆ. ಹುಣ್ಣಿಮೆ ಕಳೆದು ನಾಲ್ಕೈದು ದಿನವಾದರೆ ಬೆಳಗಿನ ಇಳಿತ ಎಂಟು-ಒಂಬತ್ತರ ಹೊತ್ತಿಗೆ ಬರುತ್ತದೆ, ಅಷ್ಟಮಿಯ ಸುತ್ತ ಹನ್ನೊಂದರ ಹತ್ತಿರಕ್ಕೆ ಸರಿಯುತ್ತದೆ, ಏರಿಳಿತವೂ ಮೆತ್ತಗಾಗಿರುತ್ತದೆ. ಇದು ಅಂದಾಜು ಮಾತ್ರ. ನಿಖರವಾದ ಪಟ್ಟಿಯನ್ನು ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ, ಅಂದರೆ ಇನ್‌ಕಾಯ್ಸ್, ಪ್ರಕಟಿಸುತ್ತದೆ. ದೊಡ್ಡ ಅಲೆಗಳ ಮುನ್ನೆಚ್ಚರಿಕೆಯನ್ನೂ ಅದೇ ಕೊಡುತ್ತದೆ. ಬಸ್ಸು ಸಿಕ್ಕ ದಿನ ಹೋಗಬೇಕಾಗುತ್ತದೆ, ತಿಥಿ ನೋಡಿಕೊಂಡು ಹೋಗಲಾಗುವುದಿಲ್ಲ ಎಂದು ನೀವು ಹೇಳಬಹುದು. ಆದರೆ ನಮ್ಮ ಪ್ರವಾಸಗಳ ದಿನ ನಿಲ್ಲುವುದು ಒಂದು ತಿಂಗಳು ಮುಂಚೆಯೇ. ತಿಂಗಳಿಗೆ ನಾಲ್ಕು ಶನಿವಾರ, ನಾಲ್ಕು ಭಾನುವಾರ ಇರುತ್ತವೆ, ಅವುಗಳಲ್ಲಿ ಹೊಂದುವ ಒಂದಾದರೂ ಸಿಕ್ಕೇ ಸಿಗುತ್ತದೆ. ಮದುವೆ, ಉಪನಯನಕ್ಕೆ ಮುಹೂರ್ತ ನೋಡಿ ಛತ್ರ ಹಿಡಿಯುವ ನಮಗೆ, 50 ಮಕ್ಕಳನ್ನು ಕರೆದೊಯ್ಯುವಾಗ ಕಡಲಿನ ಹೊತ್ತು ನೋಡುವುದು ಅಸಾಧ್ಯವೆಂದು ನಾನು ಒಪ್ಪಲಾರೆ.

ಒಂದೇ ತೀರವೆಂದರೆ ದಿನವೆಲ್ಲ ಏನು ನೋಡುವುದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ನಮ್ಮ ಊರಿನಲ್ಲೇ ಹುಟ್ಟುತ್ತದೆ. ಅಘನಾಶಿನಿ ಹೊಳೆಯ ಒಂದು ಕವಲಿನ ಮೂಲ ಶಿರಸಿಯ ಶಂಕರಹೊಂಡ, ಇನ್ನೊಂದು ಮಂಜುಗುಣಿಯ ಕಡೆಯದು. ಸುಮಾರು 600 ಮೀಟರ್ ಎತ್ತರದ ಪೇಟೆಯಿಂದ ಹೊರಟ ನೀರು ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ಅಣೆಕಟ್ಟಿಗೆ ಸಿಗದೆ, ಸುಮಾರು 120 ಕಿಲೋಮೀಟರ್ ಹರಿದು ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುತ್ತದೆ. 2024ರಲ್ಲಿ ಈ ಅಳಿವೆ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ವಿಸ್ತಾರ ಸುಮಾರು 4,800 ಹೆಕ್ಟೇರ್. ನಮ್ಮ ಎಷ್ಟು ಮಕ್ಕಳು ತಮ್ಮೂರ ಹೊಳೆಯ ಕೊನೆಯನ್ನು ಕಂಡಿದ್ದಾರೆ? ಗೋಕರ್ಣಕ್ಕೆ ಹೋಗುವ ಬಸ್ಸು ಅದರ ಪಕ್ಕದಲ್ಲೇ ನಿಲ್ಲದೆ ಹಾದುಹೋಗುತ್ತದೆ. ಫೆಬ್ರುವರಿಯ ಒಂದು ಬೆಳಿಗ್ಗೆ, ಇಳಿತದ ಹೊತ್ತಿಗೆ ಸರಿಯಾಗಿ ಆ ದಡದಲ್ಲಿ ನಿಂತರೆ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಬಳಚು, ಚಿಪ್ಪಿ ಆರಿಸುವವರು ಅಲ್ಲಿ ಇಳಿದಿರುತ್ತಾರೆ, ಅವರ ಜೊತೆಗೇ ಹಕ್ಕಿಗಳೂ. ಎರಡು ತಾಸು ಕಳೆದು ಅದೇ ಬಯಲು ನೀರಾಗುವುದನ್ನು ಮಕ್ಕಳು ಕಣ್ಣಾರೆ ಕಂಡರೆ ಉಬ್ಬರ-ಇಳಿತದ ಪಾಠವನ್ನು ಮತ್ತೆ ಬಾಯಿಪಾಠ ಮಾಡಿಸಬೇಕಾಗಿಲ್ಲ. ದಡದ ಗಜನಿಗಳಲ್ಲಿ ಉಪ್ಪುನೀರನ್ನೂ ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಅಡಿಕೆ ತೋಟದ ಮಕ್ಕಳಿಗೆ ಇಂಥ ಬೇಸಾಯವೊಂದಿದೆ ಎಂಬುದೇ ಹೊಸ ಸಂಗತಿ. ಸಾಣಿಕಟ್ಟೆಯ ಉಪ್ಪಿನಾಗರಗಳು ಇದೇ ಅಳಿವೆಯ ನೀರಿನಿಂದ ಬದುಕುತ್ತವೆ. ಚಳಿಗಾಲ ಕಳೆದು ಬಿಸಿಲು ಬಲಿತಂತೆ ಅಲ್ಲಿ ಉಪ್ಪು ಕಟ್ಟುವುದನ್ನು, ಎಳೆದು ರಾಶಿ ಹಾಕುವುದನ್ನು ನೋಡಬಹುದು. ತದಡಿಯಲ್ಲಿ ಮೀನುಗಾರಿಕೆ ಬಂದರಿದೆ, ಅಲ್ಲಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ ಓಡುತ್ತದೆ.

ಪೇಟೆಯ ಮಕ್ಕಳಿಗೆ ಇನ್ನೊಂದು ಮಾತನ್ನೂ ಆ ದಡದಲ್ಲಿ ನಿಲ್ಲಿಸಿ ಹೇಳಬೇಕು. ನಾವು ಪ್ರವಾಸಕ್ಕೆ ಇಳಿಯುವ ಕುಮಟಾ ದಾರಿ ವ್ಯಾಪಾರದ ದಾರಿ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿಯ ಮೇಲೆ ಹಾದು ಕುಮಟಾ ಬಂದರಿಗೆ ಇಳಿಯುತ್ತಿತ್ತು, ಪೇಟೆಗಳಲ್ಲಿ ಆ ಹತ್ತಿಗೆ ಕುಮಟಾ ಹತ್ತಿಯೆಂದೇ ಹೆಸರಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೆ ಹತ್ತಿ ವ್ಯಾಪಾರದ ಒತ್ತಡವೂ ಒಂದು ಕಾರಣ. ಅದಕ್ಕೂ ಹಿಂದೆ ಘಟ್ಟದ ಮೇಲಿನ ಕಾಳುಮೆಣಸು ಅಘನಾಶಿನಿ ದಡದ ಮಿರ್ಜಾನದಿಂದ ಹಡಗು ಏರುತ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ವ್ಯಾಪಾರದಿಂದಲೇ. ಮೆಣಸಿನ ಬಳ್ಳಿಯ ಕೆಳಗೆ ಆಡಿ ಬೆಳೆದ ಮಗುವಿಗೆ ಮಿರ್ಜಾನ ಕೋಟೆ ಫೋಟೊ ತೆಗೆಸಿಕೊಳ್ಳುವ ಗೋಡೆಯಾಗಿ ಉಳಿಯಬೇಕಿಲ್ಲ, ತನ್ನ ಅಜ್ಜನ ಅಜ್ಜನ ಬೆಳೆ ಹೋದ ದಾರಿಯೆಂದು ತಿಳಿಯಬೇಕು. ಅದಕ್ಕೆ 20 ನಿಮಿಷದ ನಿಲುಗಡೆ ಸಾಲದು. ಸಾಣಿಕಟ್ಟೆ, ತದಡಿ, ಮಿರ್ಜಾನ ಮೂರೂ ಒಂದೇ ಅಳಿವೆಯ ಸುತ್ತ ಇವೆ. ಈ ಇಡೀ ದಿನದಲ್ಲಿ ಯಾರೊಬ್ಬರೂ ಕಡಲಿನ ಅಲೆಗೆ ಇಳಿಯಬೇಕಾದ ಸಂದರ್ಭವೇ ಬರುವುದಿಲ್ಲ.

ಆದರೆ ಅಲೆಯಲ್ಲಿ ಕಾಲು ನೆನೆಸದ ಕಡಲ ಪ್ರವಾಸ ಯಾವ ಮಗುವಿಗೆ ಬೇಕು ಎಂದು ಕೇಳುವಿರಿ. ನ್ಯಾಯವಾದ ಮಾತು. ಅದಕ್ಕೆ ಇನ್ನೊಂದು ದಿನ, ಇನ್ನೊಂದು ತೀರವಿದೆ. ಹೊನ್ನಾವರದ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಾಗ ಕರ್ನಾಟಕದಿಂದ ಪಡುಬಿದ್ರಿಯ ಜೊತೆ ಅದೂ ಸೇರಿತ್ತು. ಈ ಮನ್ನಣೆಗೆ ಜೀವರಕ್ಷಕರು, ಸ್ನಾನಕ್ಕೆ ಯೋಗ್ಯವೆಂದು ಪರೀಕ್ಷಿಸಿದ ನೀರು, ಶೌಚಾಲಯ, ಅಂಗವಿಕಲರಿಗೆ ಅನುಕೂಲ ಹೀಗೆ 33 ಅಂಶಗಳನ್ನು ಪೂರೈಸಬೇಕು, ಅದೂ ವರ್ಷವರ್ಷ. ಹೋಗುವ ಮೊದಲು ಈಗಿನ ವ್ಯವಸ್ಥೆಯನ್ನು ಫೋನು ಮಾಡಿ ವಿಚಾರಿಸಿಕೊಳ್ಳಿ. ಅಲ್ಲಿಯೇ ಶರಾವತಿಯ ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ಅರಣ್ಯ ಇಲಾಖೆ ಮಾಡಿದ ನಡಿಗೆ ದಾರಿಯಿದೆ, ಬಿಸಿಲೇರಿದ ಮೇಲೆ ಮಕ್ಕಳನ್ನು ಕರೆದೊಯ್ಯಲು ಒಳ್ಳೆಯ ಜಾಗ. ಬೆಳಿಗ್ಗೆ ಐದೂವರೆಗೆ ಶಿರಸಿ ಬಿಟ್ಟರೆ ಎಂಟೂವರೆಗೆ ಮರಳಿನ ಮೇಲೆ ಇರಬಹುದು. ಒಂಬತ್ತರಿಂದ ಹತ್ತೂವರೆಯವರೆಗೆ ನೀರು. ಬಟ್ಟೆ ಬದಲಿಸಿ, ನಡಿಗೆ ದಾರಿ ಮುಗಿಸಿ, ಊಟ ಮಾಡಿ, ನೆರಳಿನಲ್ಲಿ ಕುಳಿತು ಎದ್ದರೂ ಮೂರಕ್ಕೆ ಹೊರಟು ಕತ್ತಲಾಗುವ ಮುಂಚೆ ಘಾಟಿ ಏರಬಹುದು. ಹೋಗಿಬರಲು ಸುಮಾರು 170 ಕಿಲೋಮೀಟರ್, ಅಳಿವೆಯ ಪ್ರವಾಸಕ್ಕೆ 150ರ ಆಸುಪಾಸು. ಎರಡನ್ನೂ ಒಂದೇ ವರ್ಷ ಮಾಡಬೇಕೆಂದಿಲ್ಲ. ಎಂಟನೆಯ ತರಗತಿಯವರು ಅಳಿವೆಗೆ, ಅವರೇ ಒಂಬತ್ತಕ್ಕೆ ಬಂದಾಗ ಕಾಸರಕೋಡಿಗೆ ಎಂದು ಶಾಲೆ ಒಮ್ಮೆ ಗೊತ್ತುಮಾಡಿಬಿಟ್ಟರೆ ಪ್ರತಿ ವರ್ಷ ಪಟ್ಟಿಯ ಜಗಳವೂ ಇರುವುದಿಲ್ಲ.

ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿರುವ ದೊಡ್ಡ ಆಕ್ಷೇಪ ಹಣದ್ದು. ವರ್ಷಕ್ಕೊಮ್ಮೆ ಕೂಲಿಯವರ ಮಕ್ಕಳೂ ಹಣ ಕೊಟ್ಟು ಬರುತ್ತಾರೆ, ಮತ್ತೆ ಯಾವಾಗ ಬರುತ್ತಾರೋ, ಇರುವ ಒಂದು ದಿನದಲ್ಲಿ ಐದು ಜಾಗ ತೋರಿಸಿದರೆ ಅವರಿಗೆ ಲಾಭವಲ್ಲವೇ ಎಂಬ ಮಾತು. ಈ ಕಾಳಜಿಯ ಹಿಂದಿರುವ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಹಣ ಎಲ್ಲಿಗೆ ಹೋಗುತ್ತದೆ ನೋಡಿ. ಬಸ್ಸಿನ ಬಾಡಿಗೆ ಕಿಲೋಮೀಟರಿನ ಮೇಲೆ. 270ರ ಬದಲು 150 ಅಥವಾ 170 ಆದರೆ ಆ ಲೆಕ್ಕದ ಮೂರನೆಯ ಒಂದು ಪಾಲಿಗೂ ಹೆಚ್ಚು ಉಳಿಯುತ್ತದೆ. ಬಸ್ಸಿಗೆ ಕನಿಷ್ಠ ಬಾಡಿಗೆಯ ಕಟ್ಟಳೆ ಇದ್ದರೂ ಡೀಸೆಲ್ಲಿನ ನೆಪದಲ್ಲಿ ದರ ಇಳಿಸಿ ಕೇಳಲು ನಮಗೆ ಬಾಯಿ ಇರುತ್ತದೆ. ಉಳಿದ ಹಣದಲ್ಲಿ ಬಡ ಮಕ್ಕಳ ಪಾಲು ತಗ್ಗಿಸಬಹುದು, ಇಲ್ಲವೇ ಒಳ್ಳೆಯ ಊಟ ಕೊಡಬಹುದು. ಬಡವರ ಮಗು ಮತ್ತೆ ಬರಲಾರದು ಎಂಬುದು ನಿಜವಾದರೆ, ಅದು ಕಡಲಿನೆದುರು ಗಡಿಬಿಡಿಯಿಲ್ಲದೆ ನಿಲ್ಲಬೇಕಾದ ಕಾರಣ ಇನ್ನೂ ಬಲವಾಗುತ್ತದೆ.

ದೇವರ ದರ್ಶನದ ಮಾತು ಇನ್ನೂ ಸೂಕ್ಷ್ಮ. ಸ್ವಸಹಾಯ ಸಂಘಗಳ ಪ್ರವಾಸದಲ್ಲಿ ದರ್ಶನವೇ ಮುಖ್ಯ, ಕಡಲು ಆಮೇಲಿನದು. ಕೊನೆಕೊಯ್ಲು, ಅಡಿಕೆ ಸುಲಿತ ಮುಗಿಸಿ ವರ್ಷಕ್ಕೊಂದು ದಿನ ಮನೆಯಿಂದ ಹೊರಬೀಳುವ ಹೆಂಗಸರಿಗೆ ಮಹಾಬಲೇಶ್ವರನನ್ನು ಬಿಟ್ಟುಬಿಡಿ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ, ನಾನು ಹೇಳುತ್ತಲೂ ಇಲ್ಲ. ಅವರ ದಿನ ಗೋಕರ್ಣದ್ದೇ ಆಗಲಿ. ಬೆಳಿಗ್ಗೆ ದರ್ಶನ, ಅಲ್ಲಿಯೇ ಊಟ, ಮಧ್ಯಾಹ್ನದ ವಿಶ್ರಾಂತಿ, ಸಂಜೆ ಮರಳಿನ ಮೇಲೆ ಕುಳಿತು ಮಾತು. ಕೈಬಿಡಬೇಕಾದದ್ದು ಗೋಕರ್ಣ ಮುಗಿಸಿ ಇಡಗುಂಜಿ, ಅದು ಮುಗಿಸಿ ಮುರ್ಡೇಶ್ವರ ಎಂಬ ಓಟ. ಆ ಓಟದಲ್ಲಿ ಮಂಡಿನೋವಿನ ಅತ್ತೆಯಂದಿರು ಬಸ್ಸಿನಿಂದಲೇ ಕೈಮುಗಿಯುವುದನ್ನು ನೀವೆಲ್ಲ ಬಲ್ಲಿರಿ. ಶೌಚಾಲಯಕ್ಕೆ ಹೆದರಿ ಅವರು ದಿನವಿಡೀ ನೀರು ಕುಡಿಯುವುದಿಲ್ಲ ಎಂಬುದನ್ನು ಗಂಡಸರು ಯೋಜನೆ ಮಾಡುವಾಗ ಯೋಚಿಸುವುದೇ ಇಲ್ಲ. ಒಂದೇ ಊರಿನಲ್ಲಿ ನಿಂತರೆ ಒಂದೇ ಒಳ್ಳೆಯ ಶೌಚಾಲಯವನ್ನು ಮೊದಲೇ ಗೊತ್ತುಮಾಡಿಕೊಂಡರೆ ಸಾಕಾಗುತ್ತದೆ.

ಇದಕ್ಕೆ ತೀರ ವಿರುದ್ಧ ತುದಿಯಲ್ಲಿ, ಇಷ್ಟೆಲ್ಲ ತಲೆನೋವು ಏಕೆ, ಕಡಲಿನ ಪ್ರವಾಸವನ್ನೇ ನಿಲ್ಲಿಸಿಬಿಡೋಣ ಎನ್ನುವವರಿದ್ದಾರೆ. ಮುರ್ಡೇಶ್ವರದ ದುರಂತದ ಮೇಲೆ ಈ ಮಾತು ಹೆಚ್ಚು ಕೇಳುತ್ತಿದೆ. ಒಂದು ಮಗುವಿಗೆ ಏನಾದರೂ ಆದರೆ ಶಿಕ್ಷಕರ ಬದುಕೇ ಹೋಗುತ್ತದೆ ಎಂಬ ಅವರ ಭಯ ಸುಳ್ಳಲ್ಲ. ಆದರೂ ನಾನು ಅವರ ತೀರ್ಮಾನವನ್ನು ಒಪ್ಪುವುದಿಲ್ಲ. ಶಾಲೆ ಕರೆದೊಯ್ಯದ ಮಗು ಕಡಲಿಗೆ ಹೋಗದೆ ಉಳಿಯುವುದಿಲ್ಲ. ಹದಿನೆಂಟು-ಇಪ್ಪತ್ತಕ್ಕೆ ಬೈಕು ಏರಿ, ಗೆಳೆಯರ ಗುಂಪಿನೊಂದಿಗೆ, ಜೀವರಕ್ಷಕರಿಲ್ಲದ ಯಾವುದೋ ತೀರಕ್ಕೆ, ಬೇಡವೆನ್ನುವ ಹಿರಿಯರಿಲ್ಲದೆ ಹೋಗುತ್ತದೆ. ರಜೆಗಳ ಮರುದಿನ ಪತ್ರಿಕೆಯ ಒಳಪುಟಗಳಲ್ಲಿ ಬರುವ ಮುಳುಗಿ ಸತ್ತವರ ಸುದ್ದಿಗಳನ್ನು ಓದಿ. ಒಳನಾಡಿನ ಊರುಗಳ ಹರೆಯದ ಹುಡುಗರೇ ಮತ್ತೆ ಮತ್ತೆ ಕಾಣುತ್ತಾರೆ. ನೀರು ಎಲ್ಲಿ ಎಳೆಯುತ್ತದೆ, ಯಾವ ಬಾವುಟಕ್ಕೆ ಏನು ಅರ್ಥ, ಮೀನುಗಾರರು ಬೇಡವೆಂದ ಕಡೆ ಏಕೆ ಇಳಿಯಬಾರದು ಎಂಬುದನ್ನು ಹದಿಮೂರರಲ್ಲಿ ಮೇಷ್ಟ್ರ ಜೊತೆ ನಿಂತು ಕಲಿತವರಿಗೆ ಇಪ್ಪತ್ತರಲ್ಲಿ ನೆನಪಾಗುವ ಸಾಧ್ಯತೆಯಾದರೂ ಇದೆ. ಕರಾವಳಿಯಿರುವ ಜಿಲ್ಲೆಯ ಮಕ್ಕಳಿಗೆ ಕಡಲಿನ ಬಳಿ ಹೇಗಿರಬೇಕೆಂದು ಕಲಿಸದಿರುವುದು ಜಾಗ್ರತೆಯಲ್ಲ.

ಸೂರ್ಯಾಸ್ತ ಬಿಡಲು ಮನಸ್ಸಿಲ್ಲದವರಿಗೆ ಒಂದು ದಾರಿಯಿದೆ. ಕುಮಟಾ ಎರಡೇ ತಾಸಿನ ದೂರವಾದ್ದರಿಂದ ಮಧ್ಯಾಹ್ನ ಊಟ ಮಾಡಿಕೊಂಡೇ ಶಿರಸಿ ಬಿಡಬಹುದು. ನಾಲ್ಕಕ್ಕೆ ತೀರ, ಐದರೊಳಗೆ ಎಲ್ಲರೂ ನೀರಿನಿಂದ ಮೇಲೆ, ಆಮೇಲೆ ಒಣ ಮರಳಿನಲ್ಲಿ ಸಾಲಾಗಿ ಕುಳಿತು ಸೂರ್ಯನನ್ನು ನೋಡುವುದು, ಎಂಟೂವರೆ-ಒಂಬತ್ತಕ್ಕೆ ಮನೆ. ಚಾಲಕನೂ ಬೆಳಗಿನಿಂದ ದಣಿದಿರುವುದಿಲ್ಲ. ದೊಡ್ಡವರ ಗುಂಪಿಗೆ ಇದು ಸರಿ. ಶಾಲಾ ಮಕ್ಕಳಿಗಾದರೆ ಬೆಳಗೇ ಸರಿ ಎಂಬ ನನ್ನ ಅಭಿಪ್ರಾಯದಲ್ಲಿ ಬದಲಿಲ್ಲ.

ತಿಂಗಳುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಇಳಿಯುವುದಿಲ್ಲ, ಮಳೆ ಪೂರ್ತಿ ಹಿಂದೆ ಸರಿಯುವ ತನಕ ನಾವೂ ಇಳಿಯಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯಲ್ಲಿದ್ದವರು ಮಣ್ಣುಪಾಲಾದದ್ದು ನಮ್ಮ ಜಿಲ್ಲೆಯಲ್ಲೇ. ದೇವಿಮನೆ ಘಾಟಿಯಲ್ಲೂ ರಸ್ತೆ ಅಗಲೀಕರಣಕ್ಕಾಗಿ ಇತ್ತೀಚಿನ ವರ್ಷಗಳಲ್ಲಿ ಸಂಚಾರ ನಿಲ್ಲಿಸಿದ್ದುಂಟು, ಆದ್ದರಿಂದ ಹೊರಡುವ ವಾರ ದಾರಿ ತೆರೆದಿದೆಯೇ ಎಂದು ಕೇಳಿಕೊಳ್ಳಿ. ಡಿಸೆಂಬರಿನ ಕೊನೆಯ ವಾರ ಇಡೀ ರಾಜ್ಯವೇ ಗೋಕರ್ಣ, ಮುರ್ಡೇಶ್ವರಗಳಲ್ಲಿರುತ್ತದೆ, ಆ ವಾರ ಬೇಡವೇ ಬೇಡ. ಜನವರಿಯ ಕೊನೆ, ಫೆಬ್ರುವರಿ ಒಳ್ಳೆಯದು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುವಾಗ ಮಾತ್ರ ದಿನಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಬೇಕಾದೀತು.

ನೀರಿನ ಬಳಿಯ ಶಿಸ್ತು ಹೀಗಿರಲಿ. ಮಕ್ಕಳನ್ನು ಹತ್ತರ ಗುಂಪು ಮಾಡಿ, ಒಂದು ಸಲಕ್ಕೆ ಒಂದೇ ಗುಂಪು ನೀರಿಗೆ. ಮೊಣಕಾಲಿನಿಂದ ಮೇಲೆ ನೀರು ಬರಬಾರದು. ಇಬ್ಬರು ದೊಡ್ಡವರು ಮಕ್ಕಳಿಗಿಂತ ಆಚೆ, ಕಡಲಿನ ಕಡೆ ನಿಂತು ದಡದತ್ತ ಮುಖ ಮಾಡಿರಲಿ. ದಡದಲ್ಲಿರುವ ಒಬ್ಬರ ಕೈಯಲ್ಲಿ ಗಾಳಿ ತುಂಬಿದ ಟ್ಯೂಬು ಕಟ್ಟಿದ ಉದ್ದನೆಯ ಹಗ್ಗವಿರಲಿ, ಅವರ ಕೈಯಲ್ಲಿ ಮೊಬೈಲು ಇರಬಾರದು. ಮುಳುಗುತ್ತಿರುವವರ ಹಿಂದೆ ಯಾರೂ ಹಾರಬಾರದು, ಟ್ಯೂಬು ಎಸೆಯಬೇಕು, ಜೀವರಕ್ಷಕರನ್ನು ಕೂಗಬೇಕು, 112ಕ್ಕೆ ಕರೆ ಮಾಡಬೇಕು. ಇಳಿಯುವ ಮೊದಲು ಅಲ್ಲಿನ ಮೀನುಗಾರರನ್ನು ಕೇಳಿ, ಅವರು ಇವತ್ತು ಬೇಡ ಎಂದರೆ ಅದೇ ಕೊನೆಯ ಮಾತು. ಊಟದ ತಟ್ಟೆ, ಲೋಟಗಳನ್ನು ಘಟ್ಟದ ಮೇಲಕ್ಕೇ ತನ್ನಿ, ಅವರ ಅಂಗಳದಲ್ಲಿ ಬಿಟ್ಟು ಬರಬೇಡಿ.

ಈ ಸಲದ ಸಭೆಯಲ್ಲಿ ಊರುಗಳ ಪಟ್ಟಿ ಬರೆಯುವ ಮೊದಲು ಒಂದು ಕ್ಯಾಲೆಂಡರನ್ನೂ ಉಬ್ಬರ-ಇಳಿತದ ಪಟ್ಟಿಯನ್ನೂ ಮೇಜಿನ ಮೇಲೆ ಇಡಿ ಎಂದು ನಿಮ್ಮೆಲ್ಲರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಒಂದು ತೀರವನ್ನು ಆರಿಸಿ, ಅಲ್ಲಿಗೆ ಮೊದಲು ಇಬ್ಬರು ಹೋಗಿ ನೋಡಿಕೊಂಡು ಬನ್ನಿ, ಆಮೇಲೆ ಬಸ್ಸಿಗೆ ಮುಂಗಡ ಕೊಡಿ.

ಇತಿ,
ನಿಮ್ಮ ಹಿತೈಷಿ